ಕಡಿಮೆ ಬೆಲೆಯ ರೈಫಲ್ ಗುರಿ ತಪ್ಪುತ್ತಿದೆಯೇ? ಬೈಯುವ ಮುಂಚೆ ಇಷ್ಟು ನೋಡಿ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ರೈಫಲ್ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಕಳೆದ ಶನಿವಾರ. ಅದಕ್ಕೆ ಎರಡು ವಾರ ಮುಂಚೆ ಯಾವುದಾದರೂ ಶೂಟಿಂಗ್ ರೇಂಜಿಗೆ ಹೋಗಿ ನೋಡಿ. ಹೊಸ ರೈಫಲ್ ಮುಂದಿಟ್ಟುಕೊಂಡು ಮುಖ ಸಣ್ಣ ಮಾಡಿ ಕೂತವರು ಇಬ್ಬರಾದರೂ ಸಿಗುತ್ತಾರೆ. ಒಂದು ವರ್ಷ ಆ ಇಬ್ಬರಲ್ಲಿ ನಾನೂ ಒಬ್ಬನಾಗಿದ್ದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಸಮೇತ ನಾನೂರು ಡಾಲರಿಗೂ ಕಮ್ಮಿಗೆ ಸಿಕ್ಕಿದ .308 ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಈಡಿಗೂ ಬೋಲ್ಟ್ ಅನ್ನುವ ಹಿಡಿಯನ್ನು ಕೈಯಿಂದ ಎಳೆದು ಮುಚ್ಚಬೇಕಾದದ್ದು. ನೂರು ಗಜಕ್ಕೆ ಗುಂಡುಗಳನ್ನು ಐದು ಇಂಚು ಅಗಲಕ್ಕೆ ಚೆಲ್ಲುತ್ತಿತ್ತು. ನಳಿಗೆಯೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ, ನಾಲ್ಕು ಥರದ ತೋಟಾ ಸುಟ್ಟೆ. ತೋಟಾಕ್ಕೆ ಹೋದ ದುಡ್ಡಿನಲ್ಲಿ ಒಂದು ಒಳ್ಳೆ ಸ್ಕೋಪ್ ಬರುತ್ತಿತ್ತು.

ಆಮೇಲೆ ಅರ್ಥವಾದದ್ದು ಇಷ್ಟು: ಕಂಪನಿಯವರು ದುಡ್ಡು ಎಲ್ಲಿ ಉಳಿಸಿದ್ದಾರೋ ಅಲ್ಲಿ ಮೊದಲು ದೋಷ ಹುಡುಕಬೇಕು. ಸೇವೇಜ್ ಆ್ಯಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್ ಥರದ ಅಗ್ಗದ ರೈಫಲ್‌ಗಳಲ್ಲಿ ನಳಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸೇವೇಜ್‌ನವರು 1958ರ ಮಾಡೆಲ್ 110ರಿಂದಲೇ ನಳಿಗೆಯನ್ನು ಒಂದು ದೊಡ್ಡ ನಟ್ಟಿನಿಂದ ಬಿಗಿಯುವ ಪದ್ಧತಿ ತಂದರು. ಅಳತೆ ಕರಾರುವಾಕ್ಕಾಗಿ ಕೂರಿಸುವ ಕೆಲಸ ಅದರಿಂದ ಸಲೀಸಾಯಿತು, ಖರ್ಚೂ ಇಳಿಯಿತು. ಉಳಿತಾಯ ಮಾಡುವುದು ಬೇರೆ ಕಡೆ. ಪ್ಲಾಸ್ಟಿಕ್ ಸ್ಟಾಕ್ (ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಭಾಗ), ಒರಟು ಬೋಲ್ಟ್, ಬಿಗಿ ಟ್ರಿಗರ್, ಜೊತೆಗೆ ಬರುವ ಸ್ಕೋಪ್, ಆ ಸ್ಕೋಪನ್ನು ಕೂರಿಸಿದ ಅವಸರದ ಕೈ.

ಶುರು ಮಾಡುವ ಮುಂಚೆ

ರೈಫಲ್ ಖಾಲಿ ಇದೆಯೇ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿಯೂ ನೋಡಿ. ಸ್ಕ್ರೂ ಬಿಗಿಯುವ, ಒರೆಸುವ ಕೆಲಸವೆಲ್ಲ ಬೋಲ್ಟ್ ಹೊರಗೆ ತೆಗೆದಿಟ್ಟೇ ಮಾಡಿ. ತೋಟಾ ಆ ಕೋಣೆಯಲ್ಲೇ ಬೇಡ. ರೈಫಲ್ ಸದ್ದು 150 ಡೆಸಿಬಲ್ ದಾಟುತ್ತದೆ, 140 ದಾಟಿದ ಒಂದೇ ಸದ್ದು ಕಿವಿ ಕೆಡಿಸಲು ಸಾಕು. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಕಣ್ಣಿಗೆ ಕನ್ನಡಕ. ಮನೆಗೆ ಹೊರಡುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಸೀಸದ ಧೂಳು ಬರಿಗಣ್ಣಿಗೆ ಕಾಣಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಎಚ್‌-1ಬಿ, ಎಫ್‌-1 ಥರದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ನಿಷೇಧ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಗೆಳೆಯನ ರೈಫಲಿನಲ್ಲಿ ಸುಮ್ನೆ ಎರಡು ಈಡು ಹೊಡೆಯುವುದೂ ಇದೇ ಲೆಕ್ಕಕ್ಕೆ ಬರಬಹುದು, ಹಾಗಾಗಿ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ. ಊರಿಗೆ ಹೋದಾಗ ಈ ಹವ್ಯಾಸ ನೆನಪಾದರೆ, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ ಅನ್ನುವುದೂ ನೆನಪಿರಲಿ.

ನಿಜವಾಗಿ ದೋಷ ಇದೆಯೇ?

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಕಾಯಿ ಒಡೆದರೆ ಗೆದ್ದ ಹಾಗೆ. ಅಳತೆ ಪಟ್ಟಿ ಯಾರೂ ತರುವುದಿಲ್ಲ. ಆದರೆ ರೈಫಲ್ ಪರೀಕ್ಷೆಗೆ ಅಳತೆ ಬೇಕೇ ಬೇಕು.

ನೂರು ಗಜ ಅಂದರೆ 91 ಮೀಟರ್ ಚಿಲ್ಲರೆ. ಅಲ್ಲಿ ಒಂದೇ ಚುಕ್ಕೆಗೆ ಗುರಿ ಇಟ್ಟು ಐದು ಈಡು ಹೊಡೆಯಿರಿ. ಅತಿ ದೂರದ ಎರಡು ತೂತುಗಳ ಹೊರಅಂಚಿನಿಂದ ಹೊರಅಂಚಿಗೆ ಅಳೆದು, ಗುಂಡಿನ ದಪ್ಪ ಕಳೆಯಿರಿ. .308ರಲ್ಲಿ ಅದು 0.308 ಇಂಚು. ಉಳಿದದ್ದು ನಿಮ್ಮ ಗುಂಪಿನ, ಅಂದರೆ ಆ ಐದು ತೂತುಗಳ ಹರವಿನ ಅಳತೆ. ರೇಂಜಿನಲ್ಲಿ ಎಲ್ಲರ ಬಾಯಲ್ಲೂ ಬರುವ ಎಂಓಎ ಅನ್ನುವುದು ಒಂದು ಕೋನದ ಅಳತೆ. ನೂರು ಗಜಕ್ಕೆ ಒಂದು ಎಂಓಎ ಅಂದರೆ 1.047 ಇಂಚು. ಬಾಯಿಲೆಕ್ಕಕ್ಕೆ ಒಂದು ಇಂಚು ಅಂದುಕೊಂಡರೆ ಸಾಕು.

ಮೂರು ಈಡಿನ ಗುಂಪನ್ನು ನಂಬಬೇಡಿ. ಸರಾಸರಿ ಮೂರು ಈಡಿಗೆ ಒಂದು ಇಂಚು ಕೊಡುವ ರೈಫಲ್, ಐದು ಈಡಿಗೆ ಸುಮಾರು 1.25 ಇಂಚು ಕೊಡುತ್ತದೆ, ಹತ್ತಕ್ಕೆ 1.6ರ ಹತ್ತಿರ ಹೋಗುತ್ತದೆ. ರೈಫಲ್ ಕೆಟ್ಟಿಲ್ಲ, ಈಡು ಜಾಸ್ತಿಯಾದ ಹಾಗೆ ಅದರ ನಿಜವಾದ ಹರವು ಕಾಣುತ್ತದೆ ಅಷ್ಟೇ. ಜನ ಫೋನಿನಲ್ಲಿ ತೋರಿಸುವ ಅರ್ಧ ಇಂಚಿನ ಗುಂಪುಗಳು ಹೆಚ್ಚಾಗಿ ಮೂರು ಈಡಿನವು. ಅದರಲ್ಲೂ ಹತ್ತು ಹಾಳೆಯಲ್ಲಿ ಆರಿಸಿದ ಒಂದು ಹಾಳೆ.

ಹಾಗಾದರೆ ಎಷ್ಟು ಬಂದರೆ ಸರಿ? ಅಂಗಡಿ ತೋಟಾದಲ್ಲಿ ಐದು ಈಡಿಗೆ ಒಂದೂವರೆಯಿಂದ ಎರಡು ಇಂಚು ಬಂದರೆ ಅಗ್ಗದ ಬೇಟೆ ರೈಫಲ್ ಆರೋಗ್ಯವಾಗಿದೆ ಅಂತ ನನ್ನ ಲೆಕ್ಕ. ಬಿಳಿಬಾಲದ ಜಿಂಕೆಯ ಎದೆಗೂಡಿನ ಮರ್ಮದ ಜಾಗ ಸುಮಾರು ಎಂಟು ಇಂಚು ಅಗಲ. ಎರಡು ಇಂಚಿನ ರೈಫಲ್ ಇನ್ನೂರು ಗಜಕ್ಕೆ ನಾಲ್ಕು ಇಂಚು ಚೆಲ್ಲುತ್ತದೆ. ಬೇಟೆಗೆ ಅಷ್ಟು ಧಾರಾಳ. ಮತ್ತೆ ಮತ್ತೆ ಮೂರು ಇಂಚು ದಾಟುತ್ತಿದ್ದರೆ ಮುಂದೆ ಓದಿ. ಒಂದು ಕಟ್ಟುಪಾಡು ಮಾತ್ರ ಬಿಡಬೇಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ತೋಟಾ, ಸ್ಕೋಪ್, ಸ್ಟಾಕ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕಳ್ಳ ಅಂತ ಕೊನೆಗೂ ಗೊತ್ತಾಗಲ್ಲ.

ಗುಂಡು ಹಾಳೆಯ ಮೇಲೇ ಬೀಳುತ್ತಿಲ್ಲ

ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಅಂಗಡಿಯಲ್ಲಿ ಸ್ಕೋಪನ್ನು ಕಣ್ಣಳತೆಯಲ್ಲಿ ಕೂರಿಸಿರುತ್ತಾರೆ. ಬೋಲ್ಟ್ ತೆಗೆದು, ರೈಫಲನ್ನು ಮರಳು ಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ನಳಿಗೆಯ ಹಿಂದಿನಿಂದ ಇಣುಕಿ 25 ಗಜದ ಚುಕ್ಕೆಯನ್ನು ತೂತಿನ ನಡುವೆ ತನ್ನಿ. ಈಗ ರೈಫಲ್ ಅಲ್ಲಾಡಿಸದೆ ಸ್ಕೋಪಿನ ಗೆರೆಯನ್ನೂ ಅದೇ ಚುಕ್ಕೆಗೆ ತನ್ನಿ. ಮೊದಲ ಈಡು 25 ಗಜಕ್ಕೇ ಹೊಡೆಯಿರಿ. ಸ್ಕೋಪಿನ ತಿರುಗಣೆ ಒಂದು ಕ್ಲಿಕ್ಕಿಗೆ ಕಾಲು ಎಂಓಎ ಸರಿಸುವಂಥದ್ದಾದರೆ, ಅಲ್ಲಿ ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು. ನೂರು ಗಜದಲ್ಲಿ ನಾಲ್ಕೇ ಸಾಕು. ಇದು ಗೊತ್ತಿಲ್ಲದೆ 25 ಗಜದಲ್ಲೂ ನಾಲ್ಕು ನಾಲ್ಕು ತಿರುಗಿಸಿ, ಸ್ಕೋಪ್ ಕೆಟ್ಟಿದೆ ಅನ್ನುವವರನ್ನು ನೋಡಿದ್ದೇನೆ.

ಗುಂಪು ಚಿಕ್ಕದಾಗಿ ಬಂದು, ಜಾಗ ಮಾತ್ರ ಪಕ್ಕಕ್ಕಿದ್ದರೆ ಅದು ದೋಷವೇ ಅಲ್ಲ. ಕ್ಲಿಕ್ ತಿರುಗಿಸಿ, ಮನೆಗೆ ಹೋಗಿ.

ದಿಕ್ಕು ದೆಸೆ ಇಲ್ಲದೆ ಚೆಲ್ಲುತ್ತಿದೆ

ನನ್ನದು ಇದೇ ರೋಗ. ಹೆಚ್ಚು ಜನರದ್ದೂ ಇದೇ.

ಮೊದಲು ಸ್ಕ್ರೂಗಳು, ಇದಕ್ಕೆ ಪೈಸೆ ಖರ್ಚಿಲ್ಲ. ಸ್ಟಾಕನ್ನು ಹಿಡಿದಿಡುವ ಕೆಳಗಿನ ಎರಡು ಸ್ಕ್ರೂ, ಸ್ಕೋಪಿನ ಬೇಸ್ (ರೈಫಲಿಗೆ ಕೂರಿಸುವ ಲೋಹದ ಪಟ್ಟಿ), ಸ್ಕೋಪನ್ನು ಹಿಡಿಯುವ ಉಂಗುರಗಳು, ಇದೇ ಕ್ರಮದಲ್ಲಿ ನೋಡಿ. ಬಿಗಿ ಎಷ್ಟಿರಬೇಕು ಅನ್ನುವುದು ರೈಫಲಿನಿಂದ ರೈಫಲಿಗೆ ಬೇರೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಉಂಗುರದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 20 ಇಂಚು-ಪೌಂಡ್. ಒಂದು ಚಿಕ್ಕ ಟಾರ್ಕ್ ಡ್ರೈವರ್ ಕೊಂಡುಕೊಳ್ಳಿ, ಎರಡು ಡಬ್ಬಿ ತೋಟಾದ ಬೆಲೆಯಲ್ಲಿ ಬರುತ್ತದೆ. ಪ್ಲಾಸ್ಟಿಕ್ ಸ್ಟಾಕಿಗೆ ಪೂರಾ ಬಲ ಹಾಕಿ ತಿರುಗಿಸಿದರೆ ಅದು ನಲುಗುತ್ತದೆ, ಉಂಗುರಕ್ಕೆ ಹಾಗೆ ಮಾಡಿದರೆ ಸ್ಕೋಪಿನ ಕೊಳವೆ ಚಪ್ಪಟೆಯಾಗುತ್ತದೆ.

ನನಗೆ ಮೋಸ ಮಾಡಿದ್ದು ಬೇಸಿನ ಮುಂದಿನ ಸ್ಕ್ರೂ. ತಿರುಗಿಸಿದರೆ ಬಿಗಿಯಾಗಿಯೇ ಇತ್ತು. ಆದರೆ ಅದು ಒಂದು ಎಳೆ ಉದ್ದ ಜಾಸ್ತಿ. ಅದರ ತುದಿ ಒಳಗೆ ನಳಿಗೆಯ ತಿರುಪಿನ ಸುತ್ತಿಗೆ ತಾಗಿ ನಿಂತುಬಿಟ್ಟಿತ್ತು. ಸ್ಕ್ರೂ ಗಟ್ಟಿ, ಬೇಸ್ ಸಡಿಲ! ಸ್ಕೋಪ್ ಬಿಚ್ಚಿ, ಬೇಸನ್ನು ಬೆರಳಿನಿಂದ ಒತ್ತಿ ಅಲ್ಲಾಡಿಸಿ ನೋಡುವ ತನಕ ಇದು ಗೊತ್ತಾಗಲೇ ಇಲ್ಲ. ಸ್ಕ್ರೂ ತುದಿಯನ್ನು ಅರದಲ್ಲಿ ಸ್ವಲ್ಪ ತಿಕ್ಕಿ ಹಾಕಿದೆ. ಐದು ಇಂಚು ಎರಡಕ್ಕೆ ಇಳಿಯಿತು. ಆದ್ದರಿಂದ ಸ್ಕ್ರೂ ಬಿಗಿ ಇದೆಯೇ ಅಂತ ನೋಡಿದರೆ ಸಾಲದು, ಅದು ಹಿಡಿಯಬೇಕಾದ ವಸ್ತು ಅಲ್ಲಾಡುತ್ತದೆಯೇ ಅಂತ ನೋಡಿ.

ಎರಡನೆಯದು ನೀವೇ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಗೆಳೆಯನೊಬ್ಬನಿಗೆ ಬೋಲ್ಟ್ ಮುಚ್ಚಲು ಹೇಳಿ, ನಿಮಗೆ ತಿಳಿಸದೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಲಿ. ಡಮ್ಮಿ ಬಂದಾಗ ನಳಿಗೆಯ ಮೂತಿ ಕೆಳಕ್ಕೆ ಕುಕ್ಕಿದರೆ ನೀವು ಹೊಡೆತಕ್ಕೆ ಬೆಚ್ಚುತ್ತಿದ್ದೀರಿ. ಎಷ್ಟೇ ದುಬಾರಿ ರೈಫಲ್ ಕೊಟ್ಟರೂ ಅದು ಹೋಗಲ್ಲ. ಭುಜಕ್ಕೆ ಮೆತ್ತನೆ ಪ್ಯಾಡ್, ಹಗುರ ಗುಂಡಿನ ತೋಟಾ, ದಿನಕ್ಕೆ 20 ಈಡಿನ ಮಿತಿ, ಇವು ಔಷಧಿ. ಖಾಲಿ ರೈಫಲಿನ ನಳಿಗೆ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯುವುದನ್ನು ಮನೆಯಲ್ಲೂ ಅಭ್ಯಾಸ ಮಾಡಬಹುದು. ಖಾಲಿ ಟ್ರಿಗರ್ ಎಳೆಯಬಹುದೇ ಅಂತ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ರೇಂಜಿನಲ್ಲಿ ಪಳಗಿದವರು ಯಾರಾದರೂ ಇದ್ದರೆ ಐದು ಈಡು ಅವರ ಕೈಯಲ್ಲಿ ಹೊಡೆಸಿ. ಅವರಿಗೂ ಚೆಲ್ಲಿದರೆ ನಿಮ್ಮ ಮರ್ಯಾದೆ ಉಳಿಯಿತು.

ಮೂರನೆಯದು ಸ್ಕೋಪ್. ಅದು ಕೆಟ್ಟಿದೆಯೇ ಅಂತ ತಿಳಿಯುವ ಹತ್ತಿರದ ದಾರಿ, ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದು ಸ್ಕೋಪ್ ಹಾಕಿ ನೋಡುವುದು. ಸಿಗದಿದ್ದರೆ ಚೌಕದ ಪರೀಕ್ಷೆ ಮಾಡಿ. ಗುರಿ ಒಂದೇ ಚುಕ್ಕೆಗೆ ಇರಲಿ. ಒಂದು ಈಡು ಹೊಡೆದು, ಬಲಕ್ಕೆ 20 ಕ್ಲಿಕ್ ತಿರುಗಿಸಿ ಇನ್ನೊಂದು, ಕೆಳಕ್ಕೆ 20 ಇನ್ನೊಂದು, ಎಡಕ್ಕೆ 20, ಕಡೆಗೆ ಮೇಲಕ್ಕೆ 20. ನೂರು ಗಜಕ್ಕೆ ಸುಮಾರು ಐದು ಇಂಚಿನ ಚೌಕ ಬಂದು, ಕೊನೆಯ ಗುಂಡು ಮೊದಲನೆಯದರ ಹತ್ತಿರವೇ ಬೀಳಬೇಕು. ಚೌಕ ಸೊಟ್ಟಗಾದರೆ, ಕೊನೆಯದು ಮನೆಗೆ ಮರಳದಿದ್ದರೆ, ಸ್ಕೋಪ್ ಬದಲಾಯಿಸಿ. ಗುಂಪೇ ಅಗಲವಾಗಿದ್ದರೆ ಪ್ರತಿ ಮೂಲೆಗೂ ಎರಡು ಮೂರು ಈಡು ಹೊಡೆದು ನೋಡಿ.

ಇಷ್ಟೆಲ್ಲ ಆದ ಮೇಲೆ ತೋಟಾ. ಒಂದೇ ಬ್ರ್ಯಾಂಡಿನ ಎರಡು ಡಬ್ಬಿಯ ಬದಲು, ಬೇರೆ ತೂಕದ ಗುಂಡು ತನ್ನಿ. .308ರಲ್ಲಿ 150, 165, 180 ಗ್ರೇನ್ (ಗುಂಡಿನ ತೂಕದ ಅಳತೆ) ಮೂರನ್ನೂ ನೋಡಿದರೆ, ಯಾವುದೋ ಒಂದು ನಿಮ್ಮ ನಳಿಗೆಗೆ ಒಗ್ಗುವುದು ಜಾಸ್ತಿ ಸಾಧ್ಯ.

ಮೊದಲೆರಡು ಸರಿ, ಆಮೇಲೆ ಒಂದೇ ಕಡೆ ಜಾರುತ್ತದೆ

ಬೇಟೆ ರೈಫಲಿನ ನಳಿಗೆ ತೆಳು, ಹೊರುವುದಕ್ಕೆ ಸುಲಭವಾಗಲಿ ಅಂತ. ಅದು ಬೇಗ ಕಾಯುತ್ತದೆ, ಕಾದಾಗ ಜಾಗ ಬದಲಿಸುತ್ತದೆ. ಮುಟ್ಟಿ ಐದು ಸೆಕೆಂಡ್ ಹಿಡಿದುಕೊಳ್ಳಲು ಆಗದಿದ್ದರೆ ಸಾಕು ಮಾಡಿ, ಬೋಲ್ಟ್ ತೆರೆದು ಹತ್ತು ನಿಮಿಷ ಬಿಡಿ. ಆರಿದ ನಳಿಗೆಯಲ್ಲಿ ಗುಂಪು ಸರಿ ಬಂದರೆ ಅದು ರೈಫಲಿನ ಸ್ವಭಾವ. ಜಿಂಕೆ ಐದನೇ ಈಡಿಗೆ ಕಾಯುತ್ತಾ ನಿಲ್ಲಲ್ಲ ಅಲ್ವಾ.

ಆರಿದ ಮೇಲೂ ಜಾರಿದರೆ ಸ್ಟಾಕ್ ನೋಡಿ. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ಡಾಲರ್ ನೋಟನ್ನು ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತಾಗುತ್ತಿದೆ. ಇದನ್ನು ರೈಫಲ್ ಕೈಯಲ್ಲಿ ಹಿಡಿದು ನೋಡುವುದಲ್ಲ, ಚೀಲದ ಮೇಲೋ ಬೈಪಾಡ್ ಅನ್ನುವ ಎರಡು ಕಾಲಿನ ಊರುಗೋಲಿನ ಮೇಲೋ ಇಟ್ಟು, ಹೊಡೆಯುವಾಗ ಒತ್ತುವಷ್ಟೇ ಒತ್ತಿ ನೋಡಿ. ಅಗ್ಗದ ಸ್ಟಾಕಿನ ಮುಂಭಾಗ ಬೆರಳಲ್ಲಿ ಒತ್ತಿದರೇ ಬಾಗುತ್ತದೆ. ಭಾರ ಇಲ್ಲದಾಗ ಅಂತರ ಇದ್ದದ್ದು ಭಾರ ಬಿದ್ದಾಗ ತಾಗುತ್ತದೆ. ಚೀಲವನ್ನು ಸ್ಟಾಕಿನ ತುದಿಯಿಂದ ಹಿಂದಕ್ಕೆ, ಮ್ಯಾಗಜೀನ್ ಹತ್ತಿರ ಸರಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಇಲ್ಲದಿದ್ದರೆ ಮರಳು ಕಾಗದ ಸುತ್ತಿದ ಕೋಲಿನಿಂದ ಸ್ಟಾಕಿನ ಒಳಬದಿ ಸ್ವಲ್ಪ ತಿಕ್ಕಬಹುದು. ಕೆಲವು ರೈಫಲ್‌ಗಳಲ್ಲಿ ತುದಿಯಲ್ಲಿ ಬೇಕೆಂದೇ ಒತ್ತು ಕೊಟ್ಟಿರುತ್ತಾರೆ. ಕೈಪಿಡಿ ನೋಡದೆ, ವಾರಂಟಿ ಮುಗಿಯದೆ ತಿಕ್ಕಲು ಹೋಗಬೇಡಿ.

ಮೇಲೆ-ಕೆಳಗೆ ಗೆರೆ, ಇಲ್ಲವೇ ಅಡ್ಡ ಗೆರೆ

ಮೇಲೆ-ಕೆಳಗೆ ಉದ್ದವಾದರೆ ತೋಟಾದ ವೇಗ ಏರುಪೇರು ಅನ್ನುವವರು ಬಹಳ. ನೂರು ಗಜದಲ್ಲಿ ವೇಗದ ಸಣ್ಣ ವ್ಯತ್ಯಾಸ ಇಂಚಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಉಸಿರಾಟ, ಬೇರೆ ಬೇರೆ ಜಾಗದಲ್ಲಿ ಚೀಲ, ಸ್ಟಾಕಿನ ತುದಿ ತಾಗುವುದು, ಇವನ್ನು ಮೊದಲು ಹಿಡಿಯಿರಿ. ನಳಿಗೆಯನ್ನೇ ಚೀಲದ ಮೇಲೆ ಇಟ್ಟು ಹೊಡೆಯುವವರೂ ಇದ್ದಾರೆ, ಅದು ಬೇಡ.

ಅಡ್ಡ ಹರಡಿದರೆ ಗಾಳಿ ನೋಡಿ. ಗಂಟೆಗೆ ಹತ್ತು ಮೈಲಿ ಅಡ್ಡಗಾಳಿ .308 ಗುಂಡನ್ನು ನೂರು ಗಜಕ್ಕೆ ಮುಕ್ಕಾಲು ಇಂಚಿನ ಹತ್ತಿರ ತಳ್ಳುತ್ತದೆ. ಗಾಳಿ ಇಲ್ಲದ ಬೆಳಿಗ್ಗೆಯೂ ಹಾಗೇ ಆದರೆ, ಬಿಗಿ ಟ್ರಿಗರನ್ನು ಪಕ್ಕಕ್ಕೆ ಎಳೆಯುತ್ತಿದ್ದೀರಿ.

ಎರಡು ಗುಂಪಾಗಿ ಬೀಳುತ್ತದೆ

ಇಲ್ಲಿ ಮೂರು, ಅಲ್ಲಿ ಎರಡು, ನಡುವೆ ಖಾಲಿ. ಯಾವುದೋ ಎರಡು ಜಾಗದ ನಡುವೆ ಓಡಾಡುತ್ತಿದೆ ಅಂತ ಅರ್ಥ. ರೈಫಲ್ ಮುಟ್ಟದೆ, ಚೀಲದ ಮೇಲೆ ಬಿಟ್ಟು, ಸ್ಕೋಪಿನ ಹಿಂದೆ ತಲೆಯನ್ನು ಮಾತ್ರ ಆಚೀಚೆ ಸರಿಸಿ. ಗೆರೆ ಚುಕ್ಕೆಯ ಮೇಲೆ ತೇಲಾಡಿದರೆ ನಿಮ್ಮ ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕು. ಅಗ್ಗದ ಸ್ಟಾಕುಗಳು ಕೆನ್ನೆಗೆ ತಗ್ಗಾಗಿರುತ್ತವೆ. ನಾನು ಒಂದು ಹಳೆ ಟವೆಲ್ ಸುತ್ತಿದ್ದೇನೆ, ನೋಡಲು ಅಸಹ್ಯ, ಕೆಲಸ ಚೆನ್ನಾಗಿ ಮಾಡುತ್ತದೆ.

ಅದಲ್ಲದಿದ್ದರೆ ಲೋಹದ ಭಾಗ ಸ್ಟಾಕಿನೊಳಗೆ ಸರಿಯಾಗಿ ಕೂತಿಲ್ಲ. ಖಾಲಿ ರೈಫಲಿನ ಸ್ಟಾಕ್ ಸ್ಕ್ರೂಗಳನ್ನು ಸಡಿಲಿಸಿ, ಮೂತಿ ಮೇಲೆ ಮಾಡಿ, ಬುಡವನ್ನು ಕಂಬಳಿ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿ. ಹಿಂದೊದೆತ ತಡೆಯುವ ಕಟ್ಟೆ ತನ್ನ ಜಾಗಕ್ಕೆ ಒತ್ತಿ ಕೂರುತ್ತದೆ. ಹಾಗೇ ಹಿಡಿದು ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ ಬಿಗಿಯಿರಿ.

ಹೋದ ವಾರ ಸರಿ ಇತ್ತು, ಈ ವಾರ ಇಲ್ಲ

ಸ್ಕ್ರೂ ಮತ್ತೆ ನೋಡಿ. ತೋಟಾ ಡಬ್ಬಿ ಅದೇನಾ ನೋಡಿ. ಆಮೇಲೆ ನಳಿಗೆ. ಎಣ್ಣೆ ಹಚ್ಚಿಟ್ಟ ನಳಿಗೆಯ ಮೊದಲ ಈಡು ಬೇರೆ ಕಡೆ ಹೋಗುವುದು ಸಾಮಾನ್ಯ. ಹೊಡೆಯುವ ಮುಂಚೆ ಒಣ ಬಟ್ಟೆ ತುಂಡು ಎರಡು ಸಲ ಓಡಿಸಿ.

ನೂರಾರು ಈಡು ಆಗಿ, ಎಂದೂ ತೊಳೆಯದಿದ್ದರೆ ಒಳಗೆ ತಾಮ್ರ ಕಟ್ಟಿಕೊಂಡಿರುತ್ತದೆ. ತಾಮ್ರ ಕರಗಿಸುವ ದ್ರಾವಣ ಹಾಕಿದ ಬಟ್ಟೆ ನೀಲಿ ಹಸಿರಾಗಿ ಬಂದರೆ ಅದೇ. ಬಣ್ಣ ನಿಲ್ಲುವ ತನಕ ತೊಳೆಯಿರಿ, ಕಿಟಕಿ ತೆರೆದಿಟ್ಟು. ಕೋಲಿನ ತುದಿಯಲ್ಲಿ ಬಟ್ಟೆ ಹಿಡಿಯುವ ಜ್ಯಾಗ್ ಹಿತ್ತಾಳೆಯದಾದರೆ ಅದೂ ನೀಲಿ ಬಿಡುತ್ತದೆ. ಒಂದು ಸಂಜೆಯೆಲ್ಲ ನಾನು ಜ್ಯಾಗನ್ನೇ ತೊಳೆಯುತ್ತಿದ್ದೆ! ತೊಳೆದ ಮೇಲೆ ಐದಾರು ಈಡು ಹೋಗುವ ತನಕ ಗುಂಪಿನ ಬಗ್ಗೆ ತೀರ್ಪು ಬೇಡ.

ಬೇಟೆಗೆ ನಿಜಕ್ಕೂ ಬೇಕಾದ ಪರೀಕ್ಷೆ ಇನ್ನೊಂದಿದೆ. ಒಂದೇ ಹಾಳೆಗೆ ಐದು ಬೇರೆ ಬೇರೆ ದಿನ, ದಿನಕ್ಕೆ ಒಂದೇ ಈಡು, ತಣ್ಣಗಿನ ನಳಿಗೆಯಿಂದ. ಕಾಡಿನಲ್ಲಿ ನಿಮ್ಮ ಕೈಗೆ ಸಿಗುವುದು ಆ ಈಡು.

ಹಾಳೆಯಲ್ಲಿ ಉದ್ದನೆಯ ತೂತು

ದುಂಡಗಿರಬೇಕಾದ ತೂತು ಬೀಗದ ಕೈ ತೂತಿನ ಹಾಗಿದ್ದರೆ ಗುಂಡು ಅಡ್ಡಡ್ಡ ಹೋಗಿದೆ. ರೈಫಲ್ ಇಳಿಸಿ, ಖಾಲಿ ಮಾಡಿ, ತೋಟಾದ ಬುಡದಲ್ಲಿ ಬರೆದದ್ದನ್ನೂ ನಳಿಗೆ ಮೇಲೆ ಬರೆದದ್ದನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. .223 ರೈಫಲಿನಲ್ಲಿ .300 ಬ್ಲ್ಯಾಕೌಟ್ ತೋಟಾ ಕೂತುಬಿಡಬಹುದು, ಹೊಡೆದರೆ ರೈಫಲ್ ಸಿಡಿಯುತ್ತದೆ. ತೋಟಾ ಸರಿ ಇದ್ದರೆ, ಗುಂಡಿನ ಉದ್ದಕ್ಕೆ ನಳಿಗೆಯ ತಿರುವು (ಗುಂಡನ್ನು ಸುತ್ತಿಸುವ ಒಳಗಿನ ಸುರುಳಿ ಗೆರೆ) ಸಾಲದೇ ಇರಬಹುದು. 12 ಇಂಚಿಗೆ ಒಂದು ತಿರುವಿನ .223 ನಳಿಗೆ 55 ಗ್ರೇನ್ ಗುಂಡನ್ನು ಚೆನ್ನಾಗಿ ಸುತ್ತಿಸುತ್ತದೆ, 75 ಗ್ರೇನ್ ಕೊಟ್ಟರೆ ಸೋಲುತ್ತದೆ. ಹಗುರ ಗುಂಡು ಹಾಕಿ ನೋಡಿ.

ಇವು ಕಂಡರೆ ಆ ಕ್ಷಣವೇ ನಿಲ್ಲಿಸಿ

ಢಂ ಅನ್ನುವ ಬದಲು ಟುಸ್ ಅಂದರೆ, ಹಿಂದೊದೆತ ಇಲ್ಲದಿದ್ದರೆ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಇನ್ನೊಂದು ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇಟ್ಟು ಒಂದು ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಉಂಟು. ಬೋಲ್ಟ್ ಎತ್ತಲು ಅಂಗೈಯಲ್ಲಿ ಗುದ್ದಬೇಕಾದರೆ, ಖಾಲಿ ತೋಟಾದ ಪ್ರೈಮರ್ (ಬುಡದ ನಡುವೆ ಕಿಡಿ ಹೊತ್ತಿಸುವ ಬಿಲ್ಲೆ) ಅಂಚಿಲ್ಲದೆ ಚಪ್ಪಟೆಯಾಗಿದ್ದರೆ, ಬುಡದ ಹತ್ತಿರ ಹೊಳೆಯುವ ಉಂಗುರ ಕಂಡರೆ, ಮುಖಕ್ಕೆ ಹೊಗೆ ಹೊಡೆದರೆ, ಒತ್ತಡವೋ ಹೆಡ್‌ಸ್ಪೇಸೋ (ತೋಟಾ ಕೂರುವ ಜಾಗದ ಬಿಗಿ ಅಳತೆ) ಹದ ತಪ್ಪಿದೆ. ಇದನ್ನು ಅಳೆಯುವ ಗೇಜ್ ಇಟ್ಟುಕೊಂಡಿರುವ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವರು, ನೋಡಬೇಕು. ಟ್ರಿಗರ್ ಸ್ಪ್ರಿಂಗನ್ನು ಮನೆಯಲ್ಲಿ ಕತ್ತರಿಸಿ ಹಗುರ ಮಾಡುವ ಸಾಹಸವೂ ಬೇಡ, ಬೋಲ್ಟ್ ಮುಚ್ಚಿದಾಗಲೇ ಹಾರಿಬಿಡುವ ರೈಫಲ್ ಹಾಗೇ ಹುಟ್ಟುತ್ತದೆ.

ಗನ್‌ಸ್ಮಿತ್ ಹತ್ತಿರ ಹೋಗುವಾಗ

ಮೂತಿಯ ಅಂಚನ್ನು ಮಾತ್ರ ನೀವೇ ಒಮ್ಮೆ ನೋಡಿಕೊಂಡು ಹೋಗಿ. ಬೋಲ್ಟ್ ಹೊರಗಿರಲಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ, ಅಂಚಿನ ಸುತ್ತಲೂ ಎಳೆಯಿರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಗುಂಡು ನಳಿಗೆ ಬಿಡುವ ಕೊನೆಯ ಜಾಗ ಅದು, ಒಂದೇ ಕಡೆ ಗ್ಯಾಸ್ ಮೊದಲು ಚಿಮ್ಮಿದರೆ ಗುಂಡು ವಾಲುತ್ತದೆ. ಅದನ್ನು ಲೇತಿಗೆ ಹಾಕಿ ಮತ್ತೆ ಕೆತ್ತುವುದು ಗನ್‌ಸ್ಮಿತ್‌ಗೆ ಚಿಕ್ಕ ಕೆಲಸ.

ಜೊತೆಗೆ ಹೊಡೆದ ಹಾಳೆಗಳನ್ನು ಒಯ್ಯಿರಿ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು, ತೋಟಾ, ಈಡಿನ ಕ್ರಮ, ಏನು ಬದಲಾಯಿಸಿದಿರಿ ಅಂತ ಪೆನ್ಸಿಲಿನಲ್ಲಿ ಬರೆದಿರಬೇಕು. ಖಾಲಿ ತೋಟಾಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ವಾರಂಟಿ ಇದ್ದರೆ ಗನ್‌ಸ್ಮಿತ್ ಕೈ ಹಾಕುವ ಮುಂಚೆ ಕಂಪನಿಗೆ ಬರೆಯಿರಿ, ಹಾಳೆಗಳ ಫೋಟೊ ಸೇರಿಸಿ. ರೈಫಲ್ ಕಳಿಸಿ ಅಂದರೆ, ಸ್ಕೋಪ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಕಳಿಸಿ.